ಕಡಿತಗೊಂಡ ಮನೆಯಲ್ಲಿ ಉರಿದ ದೀಪ

ವಿದ್ಯುತ್ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಾನು ಕರೆಂಟ್ ಕಳ್ಳಿ ಎಂದು ನೀವು ನೋಟಿಸ್ ಕಳಿಸಿದ್ದೀರಿ. ಸಂಪರ್ಕ ಕಡಿದ ಮೇಲೂ ನಮ್ಮ ಮನೆಯಲ್ಲಿ ದೀಪ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು ಎಂಬುದು ನಿಮ್ಮ ಸಿಬ್ಬಂದಿಯ ವರದಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬರುವ ಸೋಮವಾರ ಮತ್ತೆ ಬಂದು ಕಡಿಯುತ್ತೀರಂತೆ. ದಯವಿಟ್ಟು ಬರಬೇಡಿ. ನೀವು ನನ್ನ ಫ್ಯೂಸ್ ಕಿತ್ತರೆ ಮೇಲಿನ ಮನೆಯ ಹೆಂಗಸೊಬ್ಬರ ಉಸಿರು ನಿಲ್ಲುತ್ತದೆ. ಇದನ್ನು ಮೂರು ಅರ್ಜಿಗಳಲ್ಲಿ ಬರೆದು ಕೊಟ್ಟೆ. ನಿಮ್ಮ ಕಚೇರಿಯಲ್ಲಿ ಅರ್ಜಿಗೆ ಮುದ್ರೆ ಒತ್ತುವವರಿದ್ದಾರೆ, ಓದುವವರಿಲ್ಲ. ಅದಕ್ಕೇ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ತಪ್ಪಿಗೆ ಬ್ರೇಕ್ ಒತ್ತುವ ಕೆಲಸ, ಹಾಗಾಗಿ ಮಾತು ಸ್ವಲ್ಪ ಒರಟು. ನಮ್ಮ ಅಪಾರ್ಟ್‌ಮೆಂಟಿನ ಹಳೆಯ ಮೀಟರುಗಳನ್ನು ತೆಗೆದು ನೀವು ಹೊಸದನ್ನು ಹಾಕಿದ ತಿಂಗಳೇ ನನ್ನ ಯಜಮಾನರು ತೀರಿಕೊಂಡರು. ಉಳಿದದ್ದು ನಾನು ಮತ್ತು ನನ್ನ ಅತ್ತೆ. ಒಬ್ಬರು ಕಡಿಮೆಯಾದ ಮನೆಗೆ ಬಿಲ್ ಮೂರು ಪಟ್ಟು ಬಂತು. ಗೀಸರ್ ನಿಲ್ಲಿಸಿದೆ, ಪಾಪ, ಅತ್ತೆ ತಣ್ಣೀರಿನಲ್ಲಿ ಸ್ನಾನ ಮಾಡಿದರು. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟೆ. ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಸುಕ್ಕು ಬಟ್ಟೆಯಲ್ಲೇ ಕೆಲಸಕ್ಕೆ ಹೋದೆ. ಮುಂದಿನ ಬಿಲ್ ಇನ್ನೂ ಹೆಚ್ಚಾಯಿತು.

ಹೋದ ಕೋಣೆಯಲ್ಲೆಲ್ಲ ದೀಪ ಹಾಕಿ ಆರಿಸದೆ ಬರುವುದು ನನ್ನ ಯಜಮಾನರ ಅಭ್ಯಾಸವಾಗಿತ್ತು. ಇದೇನು ಮದುವೆ ಮನೆಯಾ ಎಂದು ಗೊಣಗುತ್ತ ಹಿಂದೆ ಹಿಂದೆಯೇ ಆರಿಸಿಕೊಂಡು ಬರುವುದು ನನ್ನ ಪಾಡು. ಬಿಲ್ ಏರಿದ್ದು ಕೇಳಿ ಅತ್ತೆಯ ಮುಖ ಅರಳಿತು. "ಅವನು ಬಂದು ಹೋಗ್ತಿದಾನೆ ಕಣೇ," ಅಂದರು. "ನಾವಿಲ್ದಾಗ ದೀಪ ಹಾಕ್ಕೊಂಡು ಕೂತಿರ್ತಾನೆ." ಅಂದಿನಿಂದ ಅವರು ಸರಿಯಾಗಿ ಊಟ ಮಾಡತೊಡಗಿದರು. ನಾನು ನಗಲಿಲ್ಲ. ಒಂದು ಭಾನುವಾರ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ, ಕೆಳಗಿಳಿದು, ನನ್ನ ಹೆಸರಿನ ಮೀಟರ್ ನೋಡಿದೆ. ಖರ್ಚನ್ನು ಎಣಿಸುವ ಅದರ ಕೆಂಪು ದೀಪ ಮಿನುಗುತ್ತಲೇ ಇತ್ತು.

ನಿಮ್ಮ ಕಚೇರಿಗೆ ಬಂದು, ವೈರು ಎಲ್ಲಿಗೆ ಹೋಗಿದೆ ನೋಡಿ ಸ್ವಾಮಿ ಎಂದು ಬೇಡಿಕೊಂಡೆ. ನೀವು ಮೀಟರನ್ನು ಪರೀಕ್ಷಿಸಿ, ಮೀಟರ್ ಸರಿಯಿದೆ ಎಂದು ಬರೆದು ಕೊಟ್ಟಿರಿ. ನಿಮ್ಮ ಗುಮಾಸ್ತರು ಮಾತ್ರ ದನಿ ತಗ್ಗಿಸಿ, "ಮನೇಲಿ ಇನ್ಯಾರಾದ್ರೂ ಇದ್ದಾರಾ, ಸರಿಯಾಗಿ ನೋಡ್ಕೊಳ್ಳಿ" ಎಂದರು. ನೋಡಿಕೊಂಡೆ, ಮಾನ್ಯರೇ. ಮನೆಗೆ ಬಂದರೆ ಬಾಗಿಲಲ್ಲೇ ನಿಂತು ಒಳಗಿನ ಸದ್ದಿಗೆ ಕಿವಿಗೊಡುವುದು ಅಭ್ಯಾಸವಾಯಿತು. ಬರಬರುತ್ತ ಯಾವ ಕೋಣೆಯ ದೀಪವನ್ನೂ ಆರಿಸಲು ಮನಸ್ಸು ಬರದಾಯಿತು.

ಒಪ್ಪದ ಬಿಲ್ಲನ್ನು ಕಟ್ಟಲಿಲ್ಲವೆಂದು ನಿಮ್ಮವರು ಒಂದು ಬೆಳಗ್ಗೆ ಬಂದು ಕೆಳಗೆ ಫ್ಯೂಸ್ ಕಿತ್ತರು. ಕಡಿತದ ಚೀಟಿ ಕೊಡಲು ನಮ್ಮ ಬಾಗಿಲಿಗೆ ಬಂದವರು ತಿರುಗುತ್ತಿದ್ದ ಫ್ಯಾನ್ ನೋಡಿದರು, ನನ್ನ ಮುಖ ನೋಡಿದರು, ಏನೋ ಗೀಚಿಕೊಂಡು ಇಳಿದು ಹೋದರು. "ನೋಡಿದ್ಯಾ," ಅಂದರು ಅತ್ತೆ, "ನಮ್ಮನ್ನ ಕತ್ತಲಲ್ಲಿ ಬಿಡಲ್ಲ ಅವನು." ನಾನು ನಂಬಿದೆ. ಕುರ್ಚಿಯಲ್ಲಿ ಕುಸಿದು, ಯಜಮಾನರು ತೀರಿಕೊಂಡ ದಿನವೂ ಅಳದಷ್ಟು ಅತ್ತುಬಿಟ್ಟೆ.

ಅಷ್ಟರಲ್ಲಿ ಮೇಲಿನ ಮನೆಯವರು ಮೆಟ್ಟಿಲಿಳಿದು ಓಡಿ ಬಂದರು. ಪುಸ್ತಕಗಳಿಗೆ ಬೈಂಡ್ ಹಾಕುವ ಮನುಷ್ಯ. ಅವರ ಹೆಂಡತಿಗೆ ಶ್ವಾಸಕೋಶದ ಕಾಯಿಲೆ, ಹಗಲಿರುಳೂ ಆಕ್ಸಿಜನ್ ಯಂತ್ರ ಓಡಬೇಕು. "ನಿಮ್ಮಲ್ಲಿ ಕರೆಂಟಿದ್ಯಾ? ನಮ್ಮಲ್ಲಿ ಹೋಯ್ತು. ಅವಳಿಗೆ ಉಸಿರಾಡೋಕಾಗ್ತಿಲ್ಲ." ಅವರು ಹೆಂಡತಿಯನ್ನು ಎತ್ತಿಕೊಂಡು ಬಂದರು, ನಾನು ಯಂತ್ರವನ್ನು ಹೊತ್ತು ತಂದು ನಮ್ಮ ಗೋಡೆಗೆ ಸಿಕ್ಕಿಸಿದೆ. ಆಕೆಯ ತುಟಿ ನೀಲಿಗಟ್ಟಿತ್ತು. ಅತ್ತೆ ಪಾದ ತಿಕ್ಕುತ್ತಿದ್ದರು. ನಿಧಾನವಾಗಿ ತುಟಿಗೆ ಬಣ್ಣ ಬರುವಾಗ ನನಗೆ ವಿಷಯ ಹೊಳೆಯಿತು. ನಾನು ಬ್ರೇಕ್ ಒತ್ತಿದರೆ ಪಕ್ಕದ ಕಾರು ನಿಂತ ಹಾಗೆ, ನನ್ನ ಫ್ಯೂಸ್ ಕಿತ್ತರೆ ಅವರ ಮನೆ ಆರಿದೆ. ಹೊಸ ಮೀಟರ್ ಹಾಕುವಾಗ ನಿಮ್ಮವರು ಎರಡು ಮನೆಗಳ ವೈರನ್ನು ಅದಲುಬದಲು ಮಾಡಿದ್ದರು.

ನಮ್ಮ ಮನೆಯ ಸಣ್ಣ ಖರ್ಚು ತಮ್ಮ ಲೆಕ್ಕಕ್ಕೆ ಬಿದ್ದು ಬಿಲ್ ಇಳಿದದ್ದು ಬೈಂಡರ್ ಗಮನಕ್ಕೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ರೋಗಿಯಿರುವ ಮನೆಗೆ ರಿಯಾಯಿತಿ ಕೊಡಿ ಎಂದು ಅವರು ನಿಮಗೆ ಅರ್ಜಿ ಹಾಕಿದ್ದರು. ಬಿಲ್ ಇಳಿದಾಗ, ಕಚೇರಿಯಲ್ಲೂ ಕರುಳಿರುವವರು ಇದ್ದಾರೆ ಎಂದುಕೊಂಡು ಕಂಡವರಲ್ಲೆಲ್ಲ ನಿಮ್ಮನ್ನು ಹೊಗಳಿದರು. ಎಂಥ ಗ್ರಹಚಾರ ನೋಡಿ! ನೀವು ಮಾಡದ ಒಂದೇ ಒಂದು ಒಳ್ಳೆಯ ಕೆಲಸಕ್ಕೆ ಇಷ್ಟು ಕೀರ್ತಿ.

ಆ ದಿನವೇ ಬಾಯಿ ಮುಚ್ಚಿಕೊಂಡು ಪೂರ್ತಿ ಬಿಲ್ ಕಟ್ಟಿ ಫ್ಯೂಸ್ ಹಾಕಿಸಿದೆ. ವೈರು ಸರಿಪಡಿಸಿ ಎಂದರೆ, ಕಳ್ಳತನದ ಪ್ರಕರಣವಿರುವ ಗ್ರಾಹಕರ ದೂರು ತೆಗೆದುಕೊಳ್ಳುವಂತಿಲ್ಲ ಎಂದಿರಿ. ಮೂರು ಪಟ್ಟು ಬಿಲ್ ಕಟ್ಟುವ ನಾನು ಯಾರಿಂದ ಏನು ಕದ್ದೆ? ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ಹಾಗಾದ್ರೆ ಅವನು ಬಂದೇ ಇರ್ಲಿಲ್ವಾ?" ಎಂದು ಕೇಳಿ, ಎದ್ದು, ಒಂದೊಂದೇ ಕೋಣೆಯ ದೀಪ ಆರಿಸಿ ಬಂದರು. ಮತ್ತೆ ಊಟ ಬಿಟ್ಟಿದ್ದಾರೆ. ನನಗೋ, ಪಾಠ ಹೇಳುವಾಗಲೂ ಮೇಲಿನ ಯಂತ್ರದ ಗುಂಯ್‌ಗುಡುವ ಸದ್ದು ಕಿವಿಯಲ್ಲೇ ಇರುತ್ತದೆ. ಅದು ನಿಂತಂತೆನಿಸಿದರೆ ಕಾರು ನಿಲ್ಲಿಸಿ ಮೇಲಿನ ಮನೆಗೆ ಫೋನ್ ಮಾಡುತ್ತೇನೆ.

ಸೋಮವಾರಕ್ಕೆ ಮುಂಚೆ, ಮೀಟರಿನಿಂದ ಮನೆ ಬಾಗಿಲವರೆಗೆ ವೈರು ಹಿಡಿದು ನಡೆಯಬಲ್ಲ ಒಬ್ಬರನ್ನು ಕಳಿಸಿ. ಅಲ್ಲಿಯವರೆಗೆ ಯಾವ ಫ್ಯೂಸನ್ನೂ ಮುಟ್ಟಬೇಡಿ. ವೈರು ಸರಿಯಾದ ದಿನದಿಂದ ಬೈಂಡರ್‌ಗೆ ಈಗ ನನಗೆ ಬರುತ್ತಿರುವಷ್ಟೇ ಬಿಲ್ ಬರುತ್ತದೆ; ಕೊಟ್ಟಿದ್ದೀರಿ ಎಂದು ಅವರು ನಂಬಿದ್ದ ರಿಯಾಯಿತಿಯನ್ನು ನಿಜವಾಗಿ ಕೊಡಿ. ನಿನ್ನೆ ಅವರ ಹೆಂಡತಿ ನನ್ನ ಕೈ ಹಿಡಿದು, ಮಾತಿನ ನಡುವೆ ನಿಂತು ನಿಂತು, "ಇಷ್ಟು ದಿನ ನಿಮ್ಮ ಲೆಕ್ಕದಲ್ಲಿ ಉಸಿರಾಡ್ಬಿಟ್ಟೆ ಅಕ್ಕಾ, ಕ್ಷಮಿಸಿ" ಎಂದರು. ಉಸಿರಾಡಿದ್ದಕ್ಕೆ ಆಕೆ ಕ್ಷಮೆ ಕೇಳಿದ್ದಾರೆ. ಇನ್ನು ಕೇಳಬೇಕಾದವರು ನೀವು.

ಇಂತಿ,
ನಿಮ್ಮ ಕಡತದ ಪ್ರಕಾರ ಕಳ್ಳಿ,
ನಿಮ್ಮ ರಸೀದಿಯ ಪ್ರಕಾರ ಬಾಕಿಯಿಲ್ಲದ ಗ್ರಾಹಕಿ