ಹನ್ನೆರಡು ವರ್ಷದ ಅಂಟು

ಇನ್ಸಾಡಾಂಗ್, ಸೋಲ್
ಸೆಪ್ಟೆಂಬರ್ 20, 2019

ಜಗಳಗಂಟಿ ಮಗಳು ಹೇರಿನ್‌ಗೆ, ಅವಳಿಗಿಂತ ದೊಡ್ಡ ಜಗಳಗಂಟಿಯ ಆಶೀರ್ವಾದ.

ಫೋನು ಮಾಡಬಹುದಿತ್ತು. ಆದರೆ ನಾನು ಜಂಬ ಕೊಚ್ಚಲು ಶುರುಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ಆ ಕಾಟವಿಲ್ಲ.

ಫೆಬ್ರವರಿಯಲ್ಲಿ ಆಂಡಾಂಗ್‌ನಿಂದ ಒಬ್ಬ ಅಜ್ಜಿ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಸುರುಳಿ. ಅವರ ಮನೆತನದ ಹಿರಿಯರ ಮುನ್ನೂರು ವರ್ಷದ ಚಿತ್ರ. ಯಾರೋ ಪುಣ್ಯಾತ್ಮ ಅದರ ಬೆನ್ನಿಗೆ ಕಾರ್ಖಾನೆಯ ಗೋಂದು ಬಳಿದು ಕಾಗದ ಅಂಟಿಸಿದ್ದನಂತೆ. ಅದು ಬಿಗಿದು, ರೇಷ್ಮೆಯೆಲ್ಲ ಬಿರುಕು, ಮುಖದ ಮೇಲೂ. ಚುಸೊಕ್ ಹಬ್ಬದಲ್ಲಿ ಹಿರಿಯರಿಗೆ ಎಡೆಯಿಡುವಾಗ ಚಿತ್ರ ಗೋಡೆಯ ಮೇಲಿರಲೇಬೇಕು, ತನ್ನ ಕಾಲದಲ್ಲಿ ಅದು ಹಾಳಾಯಿತು ಎನ್ನಿಸಿಕೊಳ್ಳಲಾರೆ ಎಂದು ಅಜ್ಜಿ ನಮ್ಮ ಬೀದಿಯ ಅಂಗಡಿ ಅಂಗಡಿ ಅಲೆದಿದ್ದಾರೆ. ಹಳೆ ಪಿಂಗಾಣಿಯವರು, ಕುಂಚದವರು, ಎಲ್ಲರೂ ಆಗದೆಂದು ತಲೆಯಾಡಿಸಿದರು. ನಮ್ಮ ಹಾಗೇ ಹಳೆ ಚಿತ್ರಗಳಿಗೆ ಬೆನ್ನು ಕಾಗದ ಕೂರಿಸುವ ಕಸುಬಿನ ಗ್ವಾಕ್ ಮೇಷ್ಟ್ರು ಕೂಡ "ಇದನ್ನ ಮುಟ್ಟಿದೋರಿಗೆ ಕೆಟ್ಟ ಹೆಸರು ಗ್ಯಾರಂಟಿ" ಎಂದು ಕೈತೊಳೆದುಕೊಂಡರು.

ಅಜ್ಜಿ ನಮ್ಮ ಬಾಗಿಲಲ್ಲೇ ಮೂಗು ಮುಚ್ಚಿದರು. "ಅಯ್ಯೋ, ಏನೇ ತಾಯಿ, ಒಳಗೆ ಇಲಿಗಿಲಿ ಸತ್ತಿದೆಯಾ?"

"ಇಲ್ಲಜ್ಜೀ, ಗೋಧಿ ಹಿಟ್ಟು. ಹನ್ನೆರಡು ವರ್ಷದಿಂದ ನೀರಲ್ಲಿ ಕೊಳೀತಿದೆ. ನಿಮ್ಮ ಹಿರೀಕರನ್ನ ಉಳಿಸೋದಾದ್ರೆ ಈ ಅಂಟೇ" ಎಂದೆ. ಅಜ್ಜಿ ಒಳಗೆ ಬಂದು ಕೂತೇಬಿಟ್ಟರು. ಈ ನಾತಕ್ಕೇ ನೀನು ಗೆಳತಿಯರನ್ನು ಮನೆಗೆ ಕರೆಯುತ್ತಿರಲಿಲ್ಲ, ಈ ನಾತಕ್ಕೇ ಬೂಸಾನ್‌ಗೆ ಓಡಿದೆ. ನನಗೇನು ಗೊತ್ತಿಲ್ಲವೇ?

ಆ ಗೋಂದನ್ನು ಅಕ್ಕಿಕಾಳಿನಷ್ಟಗಲ ನೆನೆಸಿ ನೆನೆಸಿ ಬಿಡಿಸಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಕೊಳೆತ ಹಿಟ್ಟನ್ನು ಕಾಯಿಸಿ, ಹೊಸ ಬೆನ್ನು ಕಾಗದ ಕೂರಿಸಿದೆ. ಎಳೆಯ ಅಂಟು ಜಗ್ಗುತ್ತದೆ. ಹಳೆಯದು ಹಿಡಿಯುತ್ತದೆ, ಬಿಗಿಯುವುದಿಲ್ಲ. ಒಣಗಿದ ಚಿತ್ರವನ್ನು ಸುತ್ತಿ ಬಿಚ್ಚುವ ದಿನ ಮೇಷ್ಟ್ರು ಕರೆಯದೆಯೇ ಬಂದು ಕನ್ನಡಕ ಏರಿಸಿ ನಿಂತರು. ನಾನು ಎಡವುವುದನ್ನು ನೋಡಲೆಂದೇ ಅಂದುಕೋ. ಬಿಚ್ಚಿದರೆ ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ!

ಮೇಷ್ಟ್ರು ಉಳಿದ ಅಂಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಹೇರಿನ್ ಅಮ್ಮಾ, ನಲವತ್ತು ವರ್ಷದಿಂದ ಈ ಬೀದೀಲಿದೀನಿ. ಇಷ್ಟು ನುಣುಪಾಗಿ ನನ್ಗೇ ಬಂದಿಲ್ಲ. ಯಾರ ಕೈಯಮ್ಮಾ ಇದು?"

"ಇನ್ಯಾರದು, ನಮ್ಮನೇದೇ" ಎಂದೆ, ಎದೆಯುಬ್ಬಿಸಿ.

ಹಬ್ಬದ ದಿನ ಹಿರಿಯರ ಮುಖ ನೋಡಿ ಮನೆಯವರೆಲ್ಲ ಅತ್ತರಂತೆ. ಅಜ್ಜಿ ಒಂದು ಬುಟ್ಟಿ ಹಬ್ಬದ ಅಕ್ಕಿ ಕಡುಬು ಕಳಿಸಿದ್ದಾರೆ. ನನಗಂತೂ ತಲೆಯ ಮೇಲೆ ಎರಡು ಕೋಡು ಮೂಡಿವೆ. ಬೀದಿಯಲ್ಲಿ ಹೋಗುವಾಗ ಕಾಲು ನೆಲಕ್ಕೆ ತಾಗುತ್ತಿಲ್ಲ.

ಇಂತಿ,
ನಿನ್ನ ನಾತದ ಅಮ್ಮ
ಒಕ್‌ಬುನ್

ತಾ.ಕ.: ಆ ಅಂಟು ನನ್ನದಲ್ಲ. ನಿನ್ನ ಹದಿಮೂರನೆಯ ಚಳಿಗಾಲದಲ್ಲಿ, ಎದುರುತ್ತರ ಕೊಟ್ಟೆಯೆಂದು ನಿನ್ನ ಕೈಯಲ್ಲಿ ಹಿಟ್ಟು ತೊಳೆಸಿದ್ದೆನಲ್ಲ, ಅತ್ತುಕೊಂಡೇ ಸೋಸಿ ಸೋಸಿ ತುಂಬಿಟ್ಟೆಯಲ್ಲ, ಆ ಮಡಕೆಯದು. ನೀರು ಬದಲಿಸಿದ್ದಷ್ಟೇ ನನ್ನ ಪಾಲು. ಪಕ್ಕದಲ್ಲಿ ನಾನೇ ಹಾಕಿದ್ದ ಮಡಕೆ ಬೂಷ್ಟು ಹಿಡಿದು ಕಪ್ಪಾಗಿತ್ತು; ಯಾರಿಗೂ ಹೇಳದೆ ಚರಂಡಿಗೆ ಸುರಿದೆ. ನಾಳೆ ಮೇಷ್ಟ್ರ ಅಂಗಡಿಗೆ ಹೋಗಿ, ಅದು ನಿನ್ನ ಕೈ ಎಂದು ಹೇಳಿಬರುತ್ತೇನೆ.