ಮಸುಕು ತೆಗೆಯಲು ಒಂದು ಸಹಿ

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಮಗಳ ಜೊತೆ ಹನ್ನೊಂದು ವರ್ಷ ಹೊಲಿಗೆ ಅಂಗಡಿ ನಡೆಸಿ, ಒಂದೇ ಮನೆಯಲ್ಲಿ ಬಾಳಿದವಳು ನಾನು. ಅವಳನ್ನು ಮಣ್ಣು ಮಾಡಿದ ದಿನ ನೀವು ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದಿರಿ. ಅದಕ್ಕೆ ಜಗಳವಾಡಲು ಬರೆಯುತ್ತಿಲ್ಲ.

ಭಾನುವಾರ ಸಂಜೆ ಲೈಬ್ರರಿ ಹಾಲಿನಲ್ಲಿ, ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಪ್ರೀತಿಸಿ ಬಾಳುವ ನಮ್ಮಂಥವರ ಚಿತ್ರೋತ್ಸವವಿದೆ. ನಮ್ಮ ಅಂಗಡಿಯ ಚಿತ್ರವೂ ಇದೆ, ಹತ್ತು ನಿಮಿಷದ್ದು. ಅದರಲ್ಲಿ ಅವಳು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಾ ನನ್ನನ್ನು ಬೈಯುತ್ತಾಳೆ: "ಕತ್ತರಿ ಎಲ್ಲಿಟ್ಟೆ ತಾಯಿ? ನಿನ್ನ ತಲೇಲಿ ಬರೀ ಚಿಂದಿ ತುಂಬಿದೆ!"

ಮುಖ ಮಾತ್ರ ಮಸುಕು. ಮುಖ ತೋರಿಸಬೇಡಿ ಎಂದು ಚಿತ್ರ ತೆಗೆದವರಿಗೆ ಅವಳೇ ಬರೆದುಕೊಟ್ಟಿದ್ದಳು. ಯಾರಿಗೆ ಹೆದರುತ್ತೀರಿ ಎಂದು ಅವರು ಕೇಳಿದ್ದಕ್ಕೆ, ಚಿತ್ರದಲ್ಲೇ "ನಮ್ಮಮ್ಮ ಒಬ್ಬಳಿಗೇ. ಅವಳು ಹೂಂ ಅಂದ್ರೆ ಲೋಕವೇ ನೋಡ್ಲಿ" ಅಂದಿದ್ದಾಳೆ.

ಈಗ ಮಸುಕು ತೆಗೆಯಲು ಹೆತ್ತವರ ಸಹಿ ಬೇಕಂತೆ. ನನ್ನ ಸಹಿ ನಡೆಯುವುದಿಲ್ಲ. ಕಾಗದ ಇದರೊಳಗೇ ಇದೆ, ದಯವಿಟ್ಟು ಗುರುವಾರದೊಳಗೆ ಕಳಿಸಿ. ಫೋಟೋಗಳನ್ನೆಲ್ಲ ನಿಮ್ಮವರು ಒಯ್ದರು. ಅವಳ ನಗು ನೋಡಲು ನನಗೆ ಉಳಿದಿರುವುದು ಇದೊಂದೇ.

ಸಹಿ ಮಾಡಲು ಮನಸ್ಸಾಗದಿದ್ದರೂ ಬನ್ನಿ. ಮುಖ ಕಾಣದಿದ್ದರೂ ಆ ಕೈಗಳು ನಿಮಗೆ ಗುರುತು ಸಿಗುತ್ತವೆ. ನಾನಿರುವುದು ಬೇಡವೆಂದರೆ ಹೇಳಿ, ಅಲ್ಲಿಯೂ ಹೊರಗೇ ನಿಲ್ಲುತ್ತೇನೆ.

ಇತಿ,
ಅಂಗಡಿಯವಳು