ನೀರು ಕುಡಿದೂ ಬಾಡಿದ ಗುಲಾಬಿಗಳ ಪರವಾಗಿ

ಕಾರಿನ ಗಾಜು ಇಳಿಸದೆಯೇ ಗಿಡಗಳ ಕಾಯಿಲೆ ಕಂಡುಹಿಡಿಯಬಲ್ಲ, ನಗರ ಉದ್ಯಾನಗಳ ಮಾನ್ಯ ಮೇಲಧಿಕಾರಿಗಳೇ,

ಇಪ್ಪತ್ತೆರಡು ವರ್ಷದಿಂದ ನಿಮ್ಮಲ್ಲಿ ಮಾಲಿಯಾಗಿರುವ ನನ್ನ ತಮ್ಮನನ್ನು ‘ನೀರುಣಿಸುವಲ್ಲಿ ನಿರ್ಲಕ್ಷ್ಯ’ ಎಂದು ಅಮಾನತು ಮಾಡಿದ್ದೀರಿ. ಆಸ್ಪತ್ರೆ ಎದುರಿನ ಉದ್ಯಾನದ ಗುಲಾಬಿಗಳು ಮಧ್ಯಾಹ್ನವಾದರೆ ತಲೆ ಬಾಗಿಸುತ್ತಿದ್ದುದು ನಿಜ. ಬುಡದ ಮಣ್ಣು ಒದ್ದೆಯಿದ್ದುದೂ ಅಷ್ಟೇ ನಿಜ. ಆ ಮಣ್ಣನ್ನು ಅವನು ಬೊಗಸೆಯಲ್ಲಿ ತಂದು ತೋರಿಸಿದಾಗ ತಾವು ಕಾರಿನ ಒಳಗಿಂದಲೇ ಕೈಸನ್ನೆ ಮಾಡಿ ದೂರ ಸರಿಸಿದಿರಂತೆ. ಮರುದಿನವೇ ಆದೇಶ ಬಂತು: ದಿನಕ್ಕೆರಡು ಹೊತ್ತು ನೀರು, ಜೊತೆಗೆ ಧಾರಾಳವಾಗಿ ಯೂರಿಯಾ. ಅವನು ವಿಧೇಯ, ಎರಡನ್ನೂ ಕೊಟ್ಟ. ಗಿಡಗಳು ಮಾತ್ರ ನಿಮ್ಮ ಆದೇಶಕ್ಕೆ ಕಿವಿಗೊಡಲಿಲ್ಲ.

ಒಂದು ಸಂಜೆ ಅವನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಎಲೆ ಹರಡಿ ಕೂತ. “ಅಕ್ಕಾ, ನೀರು ಕೊಟ್ಟಷ್ಟೂ ಬಾಡ್ತಾವೆ. ನನ್ನ ಕೈಗುಣಾನೇ ಹೋಯ್ತೇನೋ” ಎಂದ. ಅವೆಲ್ಲ ಗಿಡದ ಕೆಳಗಿನ ಹಳೆಯ ಎಲೆಗಳು. ಅಂಚುಗಳು ಇಸ್ತ್ರಿಪೆಟ್ಟಿಗೆ ತಾಗಿದಂತೆ ಕಂದಿದ್ದವು. ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳಿಗೆ ಅದು ಪೊಟ್ಯಾಶ್ ಕೊರತೆಯೆಂದು ಅನುಮಾನ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ತಮ್ಮಂಥವರಿಗೆ ಪಾಠ ಹೇಳಲು ಸಂಕೋಚವೇ. ಆದರೂ ಕೇಳಿ: ಗಿಡವೆಂದರೆ ಮೇಲಿಂದ ತುಂಬಿಸುವ ಕೊಡವಲ್ಲ. ಬೇರು ನೀರನ್ನು ಒಳಗೆಳೆದುಕೊಳ್ಳಲು ಪೊಟ್ಯಾಶ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂ ಬೇಕು. ಎಲೆಯ ಸಣ್ಣ ರಂಧ್ರಗಳು ಹೊತ್ತು ನೋಡಿ ತೆರೆದು ಮುಚ್ಚಲು ಅದೇ ಬೇಕು. ಇಲ್ಲದಿದ್ದರೆ ಕುಡಿದ ನೀರು ಹಿಡಿತವಿಲ್ಲದೆ ಆವಿಯಾಗುತ್ತದೆ. ತಮ್ಮ ಯೂರಿಯಾದಿಂದ ಹುಟ್ಟುವ ನೈಟ್ರೇಟ್ ಕೂಡ ಬೇರಿನಿಂದ ಮೇಲೇರುವುದು ಬಹುಪಾಲು ಪೊಟ್ಯಾಸಿಯಂ ಜೊತೆಯಲ್ಲೇ. ಎಲೆ ತಯಾರಿಸಿದ ಸಕ್ಕರೆ ಬೇರಿಗಿಳಿಯಲೂ ಅದು ಬೇಕು. ಹಸಿದ ಬೇರಿನ ಮೇಲೆ ಎರಡು ಹೊತ್ತು ನೀರು ಸುರಿಸಿದಿರಲ್ಲ, ಅದಕ್ಕೆ ಏನೆಂದು ಹೆಸರಿಡೋಣ?

ನನ್ನ ಮಾತಿನ ಮೇಲೆ ಅವನು ಒಂದು ಪಾತಿಗೆ ಮಾತ್ರ ಪೊಟ್ಯಾಶ್ ಹಾಕಿ, ನೀರು ಕಡಿಮೆ ಮಾಡಿದ. ಸುಟ್ಟ ಎಲೆಗಳು ಸರಿಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ಐದನೇ ವಾರದ ಹೊತ್ತಿಗೆ ಹೊಸ ಎಲೆಗಳು ಉರಿಬಿಸಿಲಲ್ಲೂ ನೆಟ್ಟಗೆ ನಿಂತಿದ್ದವು. ತಾವು ಅದನ್ನು ಗಮನಿಸದೆ ಇರಲಿಲ್ಲ. ಅಮಾನತು ಪತ್ರದಲ್ಲಿ ಎರಡನೇ ಆರೋಪವೇ ಅದು: ‘ಅನುಮತಿಯಿಲ್ಲದೆ ಗೊಬ್ಬರ ಹಾಕಿ ಒಂದು ಪಾತಿಯನ್ನು ಉಳಿದವುಗಳಿಗಿಂತ ಭಿನ್ನವಾಗಿಸಿರುವುದು.’ ಬದುಕಿಸಿದ್ದನ್ನು ಇಷ್ಟು ಸೊಗಸಾಗಿ ದೂರಿದವರನ್ನು ನಾನು ಬೇರೆ ಕಂಡಿಲ್ಲ.

ಆ ಮಣ್ಣಿನಲ್ಲಿ ಪೊಟ್ಯಾಶ್ ಕಡಿಮೆಯೆಂಬ ಪರೀಕ್ಷಾ ವರದಿ ಕಳೆದ ವರ್ಷವೇ ತಮ್ಮ ಕಚೇರಿ ತಲುಪಿದೆಯೆಂದು ಈಗ ತಿಳಿಯಿತು. ಸ್ವೀಕರಿಸಿದ ಮೊಹರಿದೆ. ಓದಿದ ಗುರುತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಮಾನತು ರದ್ದಾಗಲಿ, ತಪ್ಪು ಮಾಲಿಯದಲ್ಲವೆಂದು ತಾವೇ ಬರೆದು, ಆ ಕಾಗದವನ್ನು ಅವನ ಕೈಗೇ ಕೊಡಿ. ಯಾಕೆಂದರೆ ನಿನ್ನೆ ಬಾಗಿಲ ಬಳಿಯ ಕುಂಡಕ್ಕೆ ಒಂದು ತಂಬಿಗೆ ನೀರು ಹಾಕಪ್ಪ ಎಂದೆ. “ನೀನೇ ಹಾಕಕ್ಕಾ. ನಾಳೆ ಒಣಗಿದ್ರೆ ನನ್ನ ತಲೆಗೇ ಬರತ್ತೆ” ಎಂದು ಒಳಗೆ ಹೋಗಿಬಿಟ್ಟ.

ಇಂತಿ,
ತಾವೂ ಎಂದಾದರೂ ನನ್ನ ತರಗತಿಯಲ್ಲಿ ಕೂತಿದ್ದಿರೇನೋ ಎಂದು ಅಳುಕುತ್ತಿರುವ
ನಿವೃತ್ತ ಸಸ್ಯಶಾಸ್ತ್ರ ಶಿಕ್ಷಕಿ